ಪಿವಿಜಿಐಎಸ್ 5.3: ಬೆಟ್ಟ ಕಾಣುತ್ತದೆ, ಹಲಸಿನ ಮರ ಕಾಣುವುದಿಲ್ಲ

ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆಂದು ಶಿರಸಿ ಸಮೀಪದ ನಮ್ಮ ಮನೆಯ ತಾರಸಿಗೆ ಸೋಲಾರ್ ಹಾಕಿಸಲು ಹೊರಟಾಗ, ಅಳತೆಗೆ ಬಂದವರು ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆಂಬ ಒಂದು ಮುದ್ರಿತ ಹಾಳೆಯನ್ನು ಕೊಟ್ಟುಹೋದರು. ಆ ಲೆಕ್ಕ, ಒಂದು ಜಾಗದಲ್ಲಿ ಸೋಲಾರ್ ಫಲಕಗಳಿಂದ ಎಷ್ಟು ವಿದ್ಯುತ್ ಬರಬಹುದೆಂದು ಅಂದಾಜಿಸುವ ಪಿವಿಜಿಐಎಸ್ ಎಂಬ ತಂತ್ರಾಂಶದ ಹಳೆಯ ಆವೃತ್ತಿಯದಾಗಿತ್ತು. ಐರೋಪ್ಯ ಆಯೋಗದ ಜಂಟಿ ಸಂಶೋಧನಾ ಕೇಂದ್ರವು ಉಚಿತವಾಗಿ ಒದಗಿಸುವ ಈ ತಂತ್ರಾಂಶವನ್ನು ಖಾತೆ ತೆರೆಯದೆಯೇ ಯಾರು ಬೇಕಾದರೂ ಬಳಸಬಹುದಾದ್ದರಿಂದ, ಹೊಸ 5.3 ಆವೃತ್ತಿಯಲ್ಲಿ ಅದೇ ಲೆಕ್ಕವನ್ನು ನಾನೇ ಮಾಡಿ ನೋಡಿದೆ.

ಹೊಸತರಲ್ಲಿ ಮುಖ್ಯವಾಗಿ ಬದಲಾಗಿರುವುದು ದತ್ತಾಂಶ. 5.2ರಲ್ಲಿ ಉಪಗ್ರಹದ ಬಿಸಿಲಿನ ದಾಖಲೆ 2005ರಿಂದ 2020ರವರೆಗೆ ಮಾತ್ರ ಇತ್ತು. ಈಗ ಅದು 2023ರವರೆಗೆ ವಿಸ್ತರಿಸಿದೆ. ಮೂರು ವರ್ಷ ಸೇರಿದರೆ ಏನು ಮಹಾ ಎನ್ನಿಸಬಹುದು. ಆದರೆ 2023ರ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಕಾಳಿ, ಗಂಗಾವಳಿ ನದಿಗಳು ಉಕ್ಕಿ ಹರಿದಿದ್ದವು. ಗಂಟೆಗಂಟೆಯ ಅಂಕಿಗಳನ್ನು ಇಳಿಸಿಕೊಂಡು ಈ ಎರಡು ತಿಂಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ತಾರಸಿಯ ಮಳೆಗಾಲದ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಎಷ್ಟು ತೂಗಾಡುತ್ತದೆಂಬುದು ಮನವರಿಕೆಯಾಗುತ್ತದೆ. ವಿಶ್ವಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್‌ನ ನಕಾಶೆ ಕಣ್ಣಿಗೆ ಹೆಚ್ಚು ಅಂದವಾಗಿದೆಯಾದರೂ ಅದು ತೋರಿಸುವುದು ದೀರ್ಘಾವಧಿಯ ಸರಾಸರಿಯನ್ನು.

ಉಪಗ್ರಹದ ದಾಖಲೆಯ ಒಂದೊಂದು ಚೌಕವೂ ಸುಮಾರು 5 ಕಿಲೋಮೀಟರ್ ಅಗಲದ್ದು. ಕಾರವಾರದ ಬಯಲು ಕಡಲತಡಿಗೆ ಇದು ಸಾಕು. ದೇವಿಮನೆ ಘಟ್ಟದ ಅಂಚಿನಲ್ಲಿ, ಮೋಡ ಒಂದು ತಿರುವಿನಲ್ಲಿ ಕೂತು ಮುಂದಿನ ತಿರುವಿನಲ್ಲಿ ಹರಿದುಹೋಗುವ ಕಡೆ, ಅಷ್ಟು ದೊಡ್ಡ ಚೌಕದ ಸರಾಸರಿಯನ್ನು ಕಣ್ಣುಮುಚ್ಚಿ ನಂಬಲಾಗದು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ದಿಗಂತದ ಸೌಲಭ್ಯ. ಮನೆಯ ಮೂಡಣಕ್ಕಿರುವ ಸೊಪ್ಪಿನ ಬೆಟ್ಟವನ್ನು ತಂತ್ರಾಂಶ ತಾನಾಗಿಯೇ ಗುರುತಿಸಿ, ಬೆಳಗಿನ ಬಿಸಿಲು ತಡವಾಗಿ ಬರುವುದನ್ನು ಲೆಕ್ಕದಲ್ಲಿ ಕಳೆದಿತ್ತು. ಅಂಗಳದ ಆಗ್ನೇಯ ಮೂಲೆಯ ಹಲಸಿನ ಮರ ಮಾತ್ರ ಅದಕ್ಕೆ ಕಾಣದು, ಏಕೆಂದರೆ ಅದು ಓದುವುದು ನೆಲದ ಏರಿಳಿತವನ್ನಷ್ಟೆ. ಇದಕ್ಕೆ ನಮ್ಮದೇ ದಿಗಂತದ ಕಡತವನ್ನು ಸೇರಿಸುವ ಅವಕಾಶವಿದೆ. ತಾರಸಿಯ ನಡುವೆ ನಿಂತು, ಉತ್ತರದಿಂದ ಆರಂಭಿಸಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತ, ಹತ್ತತ್ತು ಡಿಗ್ರಿಗೊಮ್ಮೆ ಎದುರಿನ ಬೆಟ್ಟ ಅಥವಾ ಮರದ ತುದಿ ಎಷ್ಟು ಎತ್ತರಕ್ಕಿದೆಯೆಂಬ ಕೋನವನ್ನು ಮೊಬೈಲಿನಲ್ಲಿ ಅಳೆದು, 36 ಸಂಖ್ಯೆಗಳನ್ನು ಸಾಲಿಗೊಂದರಂತೆ ಬರೆದು ಕೊಟ್ಟೆ. ಜುಲೈ ಅಂಕಿ ಹೆಚ್ಚೇನೂ ಅಲುಗಲಿಲ್ಲ. ಹೇಗೂ ಆಗ ಬಿಸಿಲೇ ಇರುವುದಿಲ್ಲ. ಸೂರ್ಯ ತೆಂಕಣಕ್ಕೆ ವಾಲಿ ಮರದ ಹಿಂದಿನಿಂದ ಏರುವ ಡಿಸೆಂಬರ್, ಜನವರಿಗಳ ಅಂಕಿ ಮಾತ್ರ ಇಳಿಯಿತು. ಫಲಕದ ಒಂದು ಮೂಲೆಗಷ್ಟೇ ನೆರಳು ಬಿದ್ದರೆ ಆಗುವ ನಷ್ಟ ಈ ವಿಧಾನಕ್ಕೂ ಸಿಗುವುದಿಲ್ಲವೆಂಬುದನ್ನು ಮರೆಯಬಾರದು. ತಂತಿ, ಇನ್ವರ್ಟರ್ ಮುಂತಾದವುಗಳಲ್ಲಾಗುವ ನಷ್ಟದ ಬಾಬತ್ತಿಗೆ ಮೊದಲೇ ತುಂಬಿಟ್ಟಿರುವ 14 ಶೇಕಡಾವನ್ನು ನಾನು ಹಾಗೆಯೇ ಬಿಟ್ಟೆ.

ಕನ್ನಡದಲ್ಲಿ ಇಲ್ಲದಿರುವ ಕೊರತೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ದಿಕ್ಕಿನ ಅಂಕಿ. ಈ ತಂತ್ರಾಂಶದಲ್ಲಿ ದಕ್ಷಿಣವೆಂದರೆ 0, ಪೂರ್ವ ಋಣ 90, ಪಶ್ಚಿಮ 90. ದಿಕ್ಸೂಚಿಯ ರೂಢಿಯಲ್ಲಿ ದಕ್ಷಿಣಕ್ಕೆಂದು 180 ತುಂಬಿದರೆ ಫಲಕಗಳು ಬಡಗಣಕ್ಕೆ ಮುಖ ಮಾಡುತ್ತವೆ. ನಮ್ಮದು 14.6 ಡಿಗ್ರಿ ಅಕ್ಷಾಂಶ, ಫಲಕದ ಓರೆಯೂ ಅಲ್ಪ. ಆದ್ದರಿಂದ ಲೆಕ್ಕ ಎದ್ದು ಕಾಣುವಷ್ಟು ತಪ್ಪಾಗುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಕೊಟ್ಟ ಹಾಳೆಯಲ್ಲಿ ಅಲ್ಲಿ 180 ಎಂದೇ ಇತ್ತು. ಹಲಸಿನ ಮರವನ್ನು ಬಿಟ್ಟು ಹೆಚ್ಚಿಸಿದ್ದನ್ನು ದಿಕ್ಕು ತಪ್ಪಿಸಿ ಇಳಿಸಿದ್ದರಿಂದ, ಅವರ ವಾರ್ಷಿಕ ಮೊತ್ತ ನನ್ನದಕ್ಕೆ ಬಹುಮಟ್ಟಿಗೆ ಹೊಂದಿಕೊಂಡಿತ್ತು.