ಊರಲ್ಲೊಂದು ಫೋನ್, ಬ್ಯಾಗಲ್ಲೊಂದು ಫೋನ್: ವಾಟ್ಸಾಪ್ ಕಂಪ್ಯಾನಿಯನ್ ಫೋನ್ ವರ್ಷಗಟ್ಟಲೆ ಬಳಸಿದ ಮೇಲೆ

ಪ್ರಯಾಣಕ್ಕೇ ಅಂತ ಬೇರೆ ಫೋನ್ ಇಟ್ಕೊಳ್ಳುವವರಿಗೆ ವಾಟ್ಸಾಪಿನ ಕಂಪ್ಯಾನಿಯನ್ ಫೋನ್ ವ್ಯವಸ್ಥೆ, ಅಂದ್ರೆ ಒಂದೇ ನಂಬರಿನ ವಾಟ್ಸಾಪನ್ನು ಎರಡನೇ ಫೋನಲ್ಲೂ ನಡೆಸೋದು, ಒಳ್ಳೇದು, ಧೈರ್ಯವಾಗಿ ಹಾಕ್ಕೊಳ್ಳಬಹುದು, ಆದ್ರೆ ಮನೆಯಲ್ಲಿ ಬಿಟ್ಟು ಹೋಗುವ ಫೋನನ್ನು ನೋಡ್ಕೊಳ್ಳಿಕ್ಕೆ ಒಬ್ಬರು ಬೇಕು. 2023ರ ಏಪ್ರಿಲಲ್ಲಿ ಈ ಸೌಲಭ್ಯ ಬಂದದ್ದು, ಬಂದ ವರ್ಷವೇ ಹಾಕ್ಕೊಂಡಿದ್ದೆ, ಈಗ ಅದಿಲ್ಲದೆ ಊರು ಬಿಟ್ಟು ಹೋಗೋದೇ ಇಲ್ಲ. ಮೆಸೇಜ್ ಬರ್ತಿಲ್ಲ ಅಂತ ಆದಾಗ ಸಮಸ್ಯೆ ಇರೋದು ಎಲ್ಲಿ ಅಂತ ಹುಡುಕೋದು ಹೇಗೆ ಅನ್ನೋದನ್ನೇ ಹೆಚ್ಚು ಬರೀತೇನೆ, ಯಾಕಂದ್ರೆ ಹೊಗಳಿಕೆ ಎಲ್ಲ ಕಡೆ ಸಿಗ್ತದೆ, ಇದು ಸಿಗೋದಿಲ್ಲ.

ನಮ್ಮ ಮನೆ ಶಿರ್ವದ ಹತ್ರ, ಕೆಲಸ ಮಂಗಳೂರಲ್ಲಿ, ಅಕ್ಕ ಭಾವ ಇರೋದು ಶಾರ್ಜಾದಲ್ಲಿ. ಬಜಪೆ ವಿಮಾನ ನಿಲ್ದಾಣದಿಂದ ಆ ಕಡೆ ಹೋಗ್ಲಿಕ್ಕೆ ಇರ್ತದೆ, ಮಧ್ಯೆ ಆಫೀಸ್ ಕೆಲಸ ಅಂತ ಮತ್ಸ್ಯಗಂಧ ರೈಲು ಹತ್ತಿ ಮುಂಬೈ. ಒಳ್ಳೆ ಫೋನಲ್ಲಿ ಬ್ಯಾಂಕ್ ಆ್ಯಪ್, ಆಫೀಸ್ ಮೇಲ್, ಮನೆಯ ಹಳೇ ಫೋಟೋ ಪೂರಾ ಉಂಟು, ಅದನ್ನು ಹಿಡ್ಕೊಂಡು ಊರೂರು ತಿರುಗ್ಲಿಕ್ಕೆ ನಂಗೆ ಮನಸ್ಸಿಲ್ಲ. ಹಾಗಾಗಿ ಹಂಪನಕಟ್ಟೆಯ ಒಂದು ಅಂಗಡಿಯಿಂದ ಕಡಿಮೆ ರೇಟಿನ ಆಂಡ್ರಾಯ್ಡ್ ಫೋನ್ ತಗೊಂಡು ಅದನ್ನು ಪ್ರಯಾಣಕ್ಕೇ ಇಟ್ಟಿದ್ದೇನೆ. ಆದ್ರೆ ಮೆಸೇಜ್ ಮಾತ್ರ ತಪ್ಪಬಾರದು. ಮನೆ ಹಿಂದೆ ಮಲ್ಲಿಗೆ ಗಿಡ ಉಂಟು, ಅಮ್ಮ ಹೂ ಕಟ್ಟಿ ಕೊಡ್ತಾರೆ, ಇವತ್ತು ಅಟ್ಟೆಗೆ, ಅಂದ್ರೆ ನಾಲ್ಕು ಚೆಂಡಿಗೆ, ಎಷ್ಟು ಅಂತ ದಿನಾ ಗ್ರೂಪಲ್ಲಿ ರೇಟು ಬೀಳ್ತದೆ, ಎಷ್ಟು ಚೆಂಡು ಹೋಯ್ತು ಎಷ್ಟು ದುಡ್ಡು ಬರ್ಬೇಕು ಅಂತ ಲೆಕ್ಕ ಇಡೋದು ನಾನು, ಶಾರ್ಜಾದಲ್ಲಿ ಇದ್ರೂ ಅಷ್ಟೇ.

ಹಾಕುವ ಕ್ರಮ ಸುಲಭ. ಹೊಸ ಫೋನಲ್ಲಿ ವಾಟ್ಸಾಪ್ ಇನ್‌ಸ್ಟಾಲ್ ಮಾಡಿ, ನಂಬರ್ ಕೇಳುವ ಸ್ಕ್ರೀನ್ ಬಂದಾಗ ನಂಬರ್ ಹಾಕ್ಬೇಡಿ, ಮೇಲೆ ಮೂರು ಚುಕ್ಕಿ ಒತ್ತಿದ್ರೆ ಕಂಪ್ಯಾನಿಯನ್ ಆಗಿ ಲಿಂಕ್ ಮಾಡುವ ಆಯ್ಕೆ ಉಂಟು, ಅದನ್ನು ಒತ್ತಿದ್ರೆ ಕ್ಯೂಆರ್ ಕೋಡ್ ಬರ್ತದೆ, ಮನೆ ಫೋನಿನ ಲಿಂಕ್ಡ್ ಡಿವೈಸಸ್ ಅಂತಿರುವಲ್ಲಿ ಹೋಗಿ ಸ್ಕ್ಯಾನ್ ಮಾಡಿದ್ರೆ ಆಯ್ತು. ಹೀಗೆ ನಾಲ್ಕು ಡಿವೈಸ್ ತನಕ ಸೇರಿಸ್ಬಹುದು. ಇದನ್ನು ಬಿಟ್ಟು ಹೊಸ ಫೋನಲ್ಲಿ ನಂಬರ್ ಹಾಕಿ ಒಟಿಪಿ ಕೊಟ್ರಿ ಅಂತಿಟ್ಕೊಳ್ಳಿ, ಆ ನಂಬರ್ ಪೂರ್ತಿ ಹೊಸ ಫೋನಿಗೆ ಹೋಗಿ ಮನೆ ಫೋನು ಲಾಗೌಟ್ ಆಗ್ತದೆ, ಯಾಕಂದ್ರೆ ಒಂದು ನಂಬರಿಗೆ ಮುಖ್ಯ ಫೋನ್ ಒಂದೇ. ಅಂಗಡಿಯಲ್ಲಿ ಹುಡುಗರ ಕೈಗೆ ಕೊಟ್ರೆ ಅವರು ಅಭ್ಯಾಸದಲ್ಲಿ ಹೀಗೇ ಮಾಡಿಕೊಡ್ತಾರೆ, ಹಾಗಾಗಿ ಈ ಕೆಲಸ ನೀವೇ ಮಾಡಿ, ಮತ್ತೆ ಹೊರಡುವ ಮೊದಲೇ ಮನೆಯಲ್ಲಿ ಕೂತು ಮಾಡಿ, ಎರಡು ಫೋನೂ ಎದುರು ಬೇಕು.

ಒಂದು ವಿಷಯ ನಿಜವಾಗಿ ಮೆಚ್ಚಿದ್ದು. 2021ರ ಮೊದಲು ವಾಟ್ಸಾಪ್ ವೆಬ್ ನಡೀಬೇಕಾದ್ರೆ ಫೋನ್ ಆನ್‌ಲೈನ್ ಇರ್ಲೇಬೇಕಿತ್ತು, ಎಲ್ಲ ಮೆಸೇಜೂ ಫೋನಿನ ಮೂಲಕವೇ ಬರ್ತಿತ್ತು. ಈಗ ಪ್ರತಿ ಡಿವೈಸಿಗೂ ಅದರದ್ದೇ ಕೀ ಉಂಟು, ಕಳಿಸುವವರ ಫೋನೇ ನಮ್ಮ ಒಂದೊಂದು ಡಿವೈಸಿಗೂ ಬೇರೆ ಬೇರೆಯಾಗಿ ಲಾಕ್ ಮಾಡಿ ಕಳಿಸ್ತದೆ. ಜುಲೈ ಮಳೆಗೆ ನಮ್ಮ ಕಡೆ ಕರೆಂಟ್ ಹೋದ್ರೆ ಯಾವಾಗ ಬರ್ತದೆ ಹೇಳ್ಲಿಕ್ಕಾಗೋದಿಲ್ಲ, ವೈಫೈ ಇಲ್ಲ, ಮನೆ ಫೋನಿನ ಚಾರ್ಜೂ ಮುಗಿದಿರ್ತದೆ, ಆದ್ರೂ ಮುಂಬೈಯಲ್ಲಿ ನನ್ನ ಕೈಯಲ್ಲಿರುವ ಫೋನಿಗೆ ಮೆಸೇಜ್ ಬರ್ತಾ ಇರ್ತದೆ. ಆದ್ರೆ ಮುಖ್ಯ ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದೇ ಬಿಟ್ರೆ ಲಿಂಕ್ ಆದದ್ದೆಲ್ಲ ಲಾಗೌಟ್ ಆಗ್ತದೆ. ನಾನು ದೂರ ಇದ್ದಾಗ ಅಮ್ಮ ಆದಿತ್ಯವಾರ ಆ ಫೋನ್ ಚಾರ್ಜಿಗಿಟ್ಟು, ವಾಟ್ಸಾಪ್ ಓಪನ್ ಮಾಡಿ, ನಂಗೊಂದು ಮೆಸೇಜ್ ಹಾಕ್ತಾರೆ. ಅಷ್ಟು ಸಾಕು.

ಈಗ ತಲೆ ತಿನ್ನುವ ವಿಷಯ, ಡಬಲ್ ಟಿಕ್. ವಿಮಾನ ಇಳಿದು ಹೊರಗೆ ಬರುವ ಹೊತ್ತಿಗೆ ಅಕ್ಕ ‘ಎಲ್ಲಿದ್ದೀ, ಭಾವ ಪಾರ್ಕಿಂಗಲ್ಲಿ ಕಾಯ್ತಿದ್ದಾರೆ’ ಅಂತ ಹಾಕಿರ್ತಾಳೆ, ನನ್ನ ಫೋನಲ್ಲಿ ಎಂತದೂ ಇಲ್ಲ, ಆಮೇಲೆ ಸಿಕ್ಕಿದಾಗ ‘ಡಬಲ್ ಟಿಕ್ ಬಂದಿತ್ತಲ್ಲ, ಒಂದು ಉತ್ತರ ಹಾಕ್ಲಿಕ್ಕೆ ಏನಾಗಿತ್ತು’ ಅಂತ ಬೇಜಾರು. ಅವಳು ಹೇಳಿದ್ದು ಸರಿಯೇ. ಬೂದು ಬಣ್ಣದ ಡಬಲ್ ಟಿಕ್ ಬರೋದು ನಮ್ಮ ಫೋನಿಗೋ ಅಥವಾ ಲಿಂಕ್ ಆದ ಯಾವುದಾದ್ರೂ ಒಂದು ಡಿವೈಸಿಗೋ ಮುಟ್ಟಿದಾಗ. ಶಿರ್ವದ ಮನೆಯಲ್ಲಿ ಕಪಾಟಿನ ಮೇಲಿರುವ ಫೋನಿಗೆ ವೈಫೈಯಲ್ಲಿ ಮೆಸೇಜ್ ಹೋಗಿ ಬಿತ್ತು, ಅಕ್ಕನಿಗೆ ಎರಡು ಟಿಕ್ ಕಾಣ್ತು, ನನ್ನ ಕೈಗೆ ಬರ್ಲಿಲ್ಲ. ಹಾಗಾಗಿ ಎರಡು ಫೋನ್ ಇಟ್ಕೊಂಡವರ ವಿಷಯದಲ್ಲಿ ಕಳಿಸಿದವರ ಟಿಕ್ ನೋಡಿ ಏನೂ ನಿರ್ಧಾರ ಮಾಡ್ಲಿಕ್ಕಾಗೋದಿಲ್ಲ, ಮನೆಯವರಿಗೆ, ಆಫೀಸಿನವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ನೀಲಿ ಆಗುವ ತನಕ ನೋಡಿದ್ದಾರೆ ಅಂತ ಲೆಕ್ಕ ಹಿಡೀಬೇಡಿ ಅಂತ.

ಸಮಸ್ಯೆ ಎಲ್ಲಿ ಅಂತ ಗೊತ್ತಾಗ್ಲಿಕ್ಕೆ ಮನೆ ಫೋನಿನಲ್ಲೇ ದಾರಿ ಉಂಟು. ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಪ್ರತಿ ಡಿವೈಸಿನ ಕೆಳಗೆ ಕೊನೆಗೆ ಯಾವಾಗ ಆ್ಯಕ್ಟಿವ್ ಇತ್ತು ಅಂತ ಸಮಯ ಬರೆದಿರ್ತದೆ. ಅಮ್ಮನಿಗೆ ಸಾದಾ ಕಾಲ್ ಮಾಡಿ ಅದನ್ನು ಓದ್ಲಿಕ್ಕೆ ಹೇಳ್ತೇನೆ. ನಿನ್ನೆಯದ್ದೋ ಮೊನ್ನೆಯದ್ದೋ ಸಮಯ ಇದ್ರೆ ನನ್ನ ಫೋನ್ ಸರ್ವರಿಗೇ ಮುಟ್ಟಿಲ್ಲ, ಅಂದ್ರೆ ನೆಟ್, ರೋಮಿಂಗ್, ಗಡಿಯಾರ ಅಥವಾ ಬ್ಯಾಟರಿ ಸೆಟ್ಟಿಂಗಿನ ಸಮಸ್ಯೆ. ಈಗಿನ ಸಮಯವೇ ಇದ್ರೆ ಮೆಸೇಜ್ ಬಂದಿದೆ, ಶಬ್ದ ಮಾಡಿಲ್ಲ ಅಷ್ಟೇ, ಅದು ಫೋನಿನ ನೋಟಿಫಿಕೇಶನ್ ಸೆಟ್ಟಿಂಗ್. ಪಟ್ಟಿಯಲ್ಲಿ ನನ್ನ ಫೋನ್ ಹೆಸರೇ ಇಲ್ಲದಿದ್ರೆ ಲಾಗೌಟ್ ಆಗಿದೆ. ಈ ಮೂರರಲ್ಲಿ ಯಾವುದು ಅಂತ ತಿಳಿಯುವ ಮೊದಲು ಅನ್‌ಇನ್‌ಸ್ಟಾಲ್ ಮಾತ್ರ ಮಾಡ್ಬೇಡಿ ಮಾರಾಯ್ರೆ, ಪರದೇಶದಲ್ಲಿ ಕೂತು ಅನ್‌ಇನ್‌ಸ್ಟಾಲ್ ಮಾಡಿದ್ರೆ ಮತ್ತೆ ಲಿಂಕ್ ಮಾಡ್ಲಿಕ್ಕೆ ಮನೆ ಫೋನಿನ ಕ್ಯಾಮೆರಾ ಎದುರು ಬೇಕಾಗ್ತದೆ.

ನಾನು ನೋಡಿದ ಹಾಗೆ ಹೆಚ್ಚಿನ ಸಲ ಕಾರಣ ಬ್ಯಾಟರಿಯೇ. ಕಡಿಮೆ ಬೆಲೆಯ ಫೋನ್‌ಗಳು ಚಾರ್ಜ್ ಉಳಿಸ್ಲಿಕ್ಕೆ ಅಂತ ಹಿಂದೆ ನಡೀತಿರುವ ಆ್ಯಪನ್ನು ನಿಲ್ಲಿಸಿಬಿಡ್ತವೆ. ಆ್ಯಪ್ ಓಪನ್ ಮಾಡಿದ ಕೂಡ್ಲೇ ಮೆಸೇಜ್ ದಬದಬ ಬಂದು ಬೀಳ್ತದೆ, ಮುಚ್ಚಿದ್ರೆ ಏನೂ ಇಲ್ಲ, ಹೀಗಾದ್ರೆ ಅದೇ ಅಂತ ತಿಳ್ಕೊಳ್ಳಿ. ಆ್ಯಪ್ ಇನ್ಫೋಗೆ ಹೋಗಿ ಬ್ಯಾಟರಿಯನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಆಟೋಸ್ಟಾರ್ಟ್ ಅಂತ ಇದ್ರೆ ಆನ್ ಮಾಡಿ, ಬ್ಯಾಕ್‌ಗ್ರೌಂಡ್ ಡೇಟಾ ಆನ್ ಇರ್ಲಿ, ಡೇಟಾ ಸೇವರ್ ಆಫ್ ಇರ್ಲಿ. ಅದಾದ ಮೇಲೆ ಸ್ಕ್ರೀನ್ ಆಫ್ ಮಾಡಿ ಫೋನನ್ನು ಒಂದರ್ಧ ಗಂಟೆ ಮುಟ್ಟದೆ ಇಡಿ, ಬೇರೆಯವರ ಹತ್ರ ಮೆಸೇಜ್ ಹಾಕಿಸಿ ನೋಡಿ. ಕೈಯಲ್ಲಿ ಹಿಡ್ಕೊಂಡು ಟೆಸ್ಟ್ ಮಾಡಿದ್ರೆ ಎಲ್ಲ ಸರಿಯಾಗಿಯೇ ಕಾಣ್ತದೆ, ಮುಟ್ಟದೆ ಇಟ್ಟಾಗಲೇ ಬಣ್ಣ ಗೊತ್ತಾಗೋದು.

ಗಡಿಯಾರದ್ದು ಹೇಳಿದೆ ಅಲ್ವಾ. ಯುಎಇ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಎಷ್ಟೋ ಜನ ಇಳಿದ ಕೂಡ್ಲೇ ಟೈಮ್ ಝೋನ್ ಭಾರತದ್ದೇ ಬಿಟ್ಟು, ಗಂಟೆ ಮಾತ್ರ ಕೈಯಲ್ಲಿ ಹಿಂದೆ ಮಾಡ್ತಾರೆ. ಆಗ ಫೋನಿನ ಲೆಕ್ಕದಲ್ಲಿ ನಿಜವಾದ ಸಮಯವೇ ತಪ್ಪಾಗ್ತದೆ, ತಾರೀಕು ಸಮಯ ಸರಿಯಿಲ್ಲ ಅಂತ ವಾಟ್ಸಾಪ್ ಕನೆಕ್ಟ್ ಆಗದೇ ನಿಲ್ಲಬಹುದು. ಸಮಯ ಮತ್ತು ಝೋನ್ ಎರಡನ್ನೂ ಆಟೋಮ್ಯಾಟಿಕ್ ಬಿಡಿ. ಅಲ್ಲಿ ವಾಟ್ಸಾಪ್ ಕಾಲ್ ಹೋಗೋದಿಲ್ಲ ಅನ್ನೋದು ಗಲ್ಫಿನವರಿರುವ ಮನೆಗಳಿಗೆಲ್ಲ ಗೊತ್ತೇ ಉಂಟು, ಅದು ಅಲ್ಲಿಯ ನಿಯಮ, ಮೆಸೇಜ್ ಮತ್ತು ವಾಯ್ಸ್ ನೋಟ್ ಹೋಗ್ತದೆ, ಕಾಲಿಗೆ ಬೋಟಿಮ್ ಅನ್ನುವ ಆ್ಯಪ್ ಹಾಕ್ಕೊಂಡಿರ್ತಾರೆ. ಕಾಲ್ ಆಗ್ಲಿಲ್ಲ ಅಂತ ಫೋನ್ ಸೆಟ್ಟಿಂಗ್ ಕೆದಕ್ಲಿಕ್ಕೆ ಹೋಗ್ಬೇಡಿ.

ರೈಲಿನಲ್ಲೂ ಕೆದಕ್ಬೇಡಿ. ರತ್ನಾಗಿರಿ ಹತ್ರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್, ಬೆಂಗಳೂರು ರೈಲಾದ್ರೆ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದ ತನಕ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ. ಸುರಂಗದೊಳಗೆ ಸಿಗ್ನಲ್ ಸಿಗದಿದ್ರೂ ಮೆಸೇಜ್ ಕಳೆದುಹೋಗೋದಿಲ್ಲ, ಮುಟ್ಟದೇ ಉಳಿದದ್ದನ್ನು 30 ದಿನದ ತನಕ ಸರ್ವರಿನಲ್ಲಿ ಇಟ್ಟಿರ್ತಾರೆ.

ಇನ್ನೊಂದು, ಮೆಸೇಜ್ ಇರುವ ಜಾಗದಲ್ಲಿ ‘ವೇಯ್ಟಿಂಗ್ ಫಾರ್ ದಿಸ್ ಮೆಸೇಜ್’ ಅಂತ ಮಾತ್ರ ಬರೋದು. ಹೊಸದಾಗಿ ಲಿಂಕ್ ಮಾಡಿದ ಫೋನಲ್ಲಿ ಇದು ಕಾಣ್ತದೆ, ನಮ್ಮ ಡಿವೈಸಿಗೆ ಹೊಂದುವ ಕೀಯಲ್ಲಿ ಆ ಮೆಸೇಜ್ ಇನ್ನೂ ಬಂದಿಲ್ಲ ಅಂತ ಅರ್ಥ. ನಾವು ಮಾಡ್ಲಿಕ್ಕೆ ಏನೂ ಇಲ್ಲ, ಕಳಿಸಿದವರು ಒಮ್ಮೆ ವಾಟ್ಸಾಪ್ ಓಪನ್ ಮಾಡ್ಬೇಕು. ಹೂವಿನ ಗ್ರೂಪಲ್ಲಿ ಹೀಗಾದ್ರೆ ನಾನು ಸೀದಾ ರೇಟು ಹಾಕಿದವರಿಗೇ ‘ಅಣ್ಣ, ಒಮ್ಮೆ ವಾಟ್ಸಾಪ್ ಓಪನ್ ಮಾಡಿ’ ಅಂತ ಹೇಳ್ತೇನೆ, ಅಲ್ಲಿ ಓಪನ್ ಆದ್ರೆ ಇಲ್ಲಿ ರೇಟು ಕಾಣ್ತದೆ.

ಒಟಿಪಿ ವಿಷಯ ಬೇರೆಯೇ, ಅದನ್ನು ವಾಟ್ಸಾಪ್ ಜೊತೆ ಸೇರಿಸ್ಬೇಡಿ. ಲಿಂಕ್ ಮಾಡಿದ್ರೆ ವಾಟ್ಸಾಪ್ ಬರ್ತದೆ, ಎಸ್ಸೆಮ್ಮೆಸ್ ಬರೋದಿಲ್ಲ, ಅದು ಸಿಮ್ ಇದ್ದಲ್ಲೇ ಹೋಗೋದು. ನಾನು ಎರಡು ನಂಬರ್ ಇಟ್ಟಿದ್ದೇನೆ. ವಾಟ್ಸಾಪ್ ನಂಬರಿನ ಸಿಮ್ ಮನೆ ಫೋನಿನಿಂದ ತೆಗೆಯೋದೇ ಇಲ್ಲ. 2025ರ ನವೆಂಬರಲ್ಲಿ ದೂರಸಂಪರ್ಕ ಇಲಾಖೆ ಮೆಸೇಜಿಂಗ್ ಆ್ಯಪ್‌ಗಳಿಗೆ ಸಿಮ್ ಬೈಂಡಿಂಗ್ ಆದೇಶ, ಅಂದ್ರೆ ನಂಬರಿನ ಸಿಮ್ ಫೋನಲ್ಲಿದ್ರೆ ಮಾತ್ರ ಆ್ಯಪ್ ನಡೀಬೇಕು ಅಂತ, ಹೊರಡಿಸಿದ ಮೇಲಂತೂ ಸಿಮ್ ಒಂದು ಕಡೆ ಆ್ಯಪ್ ಒಂದು ಕಡೆ ಇಡೋದು ಬೇಡವೇ ಬೇಡ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಪ್ರಯಾಣದ ಫೋನಲ್ಲಿ, ಇಂಟರ್‌ನ್ಯಾಷನಲ್ ರೋಮಿಂಗ್ ಆನ್, ಡೇಟಾ ರೋಮಿಂಗ್ ಆಫ್, ನೆಟ್ಟಿಗೆ ಅಲ್ಲಿಯ ಸಿಮ್. ಯುಪಿಐ ಹೊಸ ಫೋನಲ್ಲಿ ಮತ್ತೆ ರಿಜಿಸ್ಟರ್ ಆಗ್ಬೇಕು, ಅದಕ್ಕೆ ನಮ್ಮ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗ್ಬೇಕು, ಊರಲ್ಲಿದ್ದಾಗಲೇ ಮುಗಿಸಿ. ಮತ್ತೆ ಹೊರಡುವ ಹಿಂದಿನ ದಿನ ಡುಪ್ಲಿಕೇಟ್ ಸಿಮ್ ಮಾಡೋದು, ಇ-ಸಿಮ್ಮಿಗೆ ಬದಲಾಯಿಸೋದು ಖಂಡಿತ ಬೇಡ. 2022ರಿಂದ ಇರುವ ನಿಯಮದ ಪ್ರಕಾರ ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್, ಮೋಸ ತಡೀಲಿಕ್ಕೆ ಮಾಡಿದ್ದು, ಒಳ್ಳೇದೇ, ಆದ್ರೆ ಬಜಪೆಯಲ್ಲಿ ಲೈನಿನಲ್ಲಿ ನಿಂತು ಒಟಿಪಿ ಕಾಯುವವರಿಗೆ ಕಷ್ಟ. ಹೊರಡುವ ವಾರದ ಮೊದಲು ಮಾಡ್ಕೊಳ್ಳಿ. ಹಳೇ ಫೋನಿನ ಗೂಗಲ್ ಮೆಸೇಜಸಲ್ಲಿ ಆರ್‌ಸಿಎಸ್ ಚಾಟ್ (ಎಸ್ಸೆಮ್ಮೆಸ್ ಬದಲು ನೆಟ್ಟಿನಲ್ಲಿ ಹೋಗುವ ಮೆಸೇಜ್) ಆನ್ ಇದ್ರೆ ಸಿಮ್ ತೆಗೆಯುವ ಮೊದಲು ಆಫ್ ಮಾಡಿ, ಇಲ್ಲಾಂದ್ರೆ ಕೆಲವರ ಮೆಸೇಜ್ ಹಳೇ ಫೋನಿಗೇ ಹೋಗ್ಬಹುದು.

ಐಫೋನಿನವರಿಗೆ ಇದರ ಮೇಲೆ ಆ್ಯಪಲ್ಲಿನದ್ದೇ ಮೆಸೇಜ್ ಸೇವೆ ಐಮೆಸೇಜ್ ಒಂದುಂಟು. ಭಾವ ಊರಿಗೆ ಬಂದಾಗ ಇಲ್ಲಿಯ ಸಿಮ್ ಹಾಕ್ತಾರೆ, ಐಮೆಸೇಜ್ ಆ್ಯಕ್ಟಿವೇಟ್ ಆಗ್ಲಿಕ್ಕೆ ಫೋನ್ ತನ್ನಷ್ಟಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸ್ತದೆ, ಅದಕ್ಕೆ ಬ್ಯಾಲೆನ್ಸ್ ಬೇಕು, 24 ಗಂಟೆ ತನಕ ಹಿಡೀಬಹುದು. ಸೆಂಡ್ ಆ್ಯಂಡ್ ರಿಸೀವ್ ಅಂತಿರುವಲ್ಲಿ ಯಾವ ನಂಬರಿಗೆ ಟಿಕ್ ಬಿದ್ದಿದೆ ಅಂತ ನೋಡಿದ್ರೆ ಅರ್ಧ ಗೊಂದಲ ಅಲ್ಲೇ ಮುಗೀತದೆ.

ನಂಗೆ ಅತೀ ಹೆಚ್ಚು ಸಮಾಧಾನ ಕೊಟ್ಟದ್ದು ಬೇರೆ ಒಂದು. ಪ್ರಯಾಣದ ಫೋನ್ ಎಲ್ಲಾದ್ರೂ ಕಳೆದುಹೋದ್ರೆ ನಂಬರ್ ಹೋಗೋದಿಲ್ಲ, ಅಮ್ಮ ಮನೆ ಫೋನಲ್ಲಿ ಆ ಡಿವೈಸಿನ ಹೆಸರು ಒತ್ತಿ ಲಾಗೌಟ್ ಕೊಟ್ರೆ ಮುಗೀತು. ಅಮ್ಮನಿಗೆ ಇದನ್ನು ತೋರಿಸಿಕೊಟ್ಟು, ಅವರ ಬೆರಳಚ್ಚನ್ನೂ ಫೋನಿಗೆ ಸೇರಿಸಿದ್ದೇನೆ. ಜೊತೆಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದೇನೆ, ಯಾರೇ ಫೋನ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿ, ಈ ಕೋಡ್ ಹಾಕಿ ಅಂದ್ರೂ ನನ್ನ ಹತ್ರ ಕೇಳದೆ ಹಾಕ್ಲಿಕ್ಕಿಲ್ಲ ಅಂತ, ಯಾಕಂದ್ರೆ ಇದೇ ಲಿಂಕ್ ಮಾಡುವ ದಾರಿಯಲ್ಲೇ ಕಳ್ಳರೂ ಬರ್ತಾರೆ. ಟೂ ಸ್ಟೆಪ್ ವೆರಿಫಿಕೇಶನಿನ ಆರಂಕಿ ಪಿನ್ ಕೂಡ ಹಾಕಿಡಿ, ಇಮೇಲ್ ಸೇರಿಸಿಯೇ ಹಾಕಿ, ಇಲ್ಲದಿದ್ರೆ ಪಿನ್ ಮರೆತವರು ಏಳು ದಿನ ಕಾಯ್ಬೇಕು.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ಕಡಿಮೆ ಮಾಡಿದ್ದು ಯಾಕಂದ್ರೆ ಹಳೇ ಚಾಟ್ ಪೂರ್ತಿ ಬರೋದಿಲ್ಲ, ಇತ್ತೀಚಿನದ್ದು ಮಾತ್ರ ಸಿಂಕ್ ಆಗ್ತದೆ, ಹೋದ ವರ್ಷದ ಹೂವಿನ ಲೆಕ್ಕ ಬೇಕಾದ್ರೆ ಅಮ್ಮನೇ ಫೋಟೋ ಹೊಡೆದು ಕಳಿಸ್ಬೇಕು. ಲೈವ್ ಲೊಕೇಶನ್ ಕೂಡ ಲಿಂಕ್ ಆದ ಫೋನಲ್ಲಿ ನೋಡ್ಲಿಕ್ಕಾಗೋದಿಲ್ಲ, ಗೊತ್ತಿಲ್ಲದ ಊರಲ್ಲಿ ಅದೇ ಮೊದಲು ಬೇಕಾಗೋದು. ಮನೆಗೆ ಬೀಗ ಹಾಕಿ ವಾರಗಟ್ಟಲೆ ಹೋಗುವವರು, ಆ ಫೋನ್ ತೆರೆದು ನೋಡ್ಲಿಕ್ಕೆ ಯಾರೂ ಇಲ್ಲದವರು ನನ್ನ ಹಾಗೆ ಮಾಡ್ಬೇಡಿ, ನೀವು ಮುಖ್ಯ ಫೋನನ್ನೇ ಬ್ಯಾಗಿನ ಒಳಜೇಬಲ್ಲಿ ಭದ್ರವಾಗಿ ಇಟ್ಕೊಂಡು ಹೋಗಿ, ಲಿಂಕ್ ಮಾಡಿದ ಫೋನನ್ನು ಕೈಯಲ್ಲಿ ಬಳಸಿ, ರಾತ್ರಿ ರೂಮಿಗೆ ಬಂದ ಮೇಲೆ ಮುಖ್ಯ ಫೋನನ್ನು ಒಮ್ಮೆ ವೈಫೈಗೆ ಹಾಕಿ ತೆಗೀರಿ.