ಟ್ಯಾಬ್, ಮರದ ತುಂಡು, ಅಳಗುಳಿ ಮಣೆ, ಅಂಗಳದ ಮಣ್ಣು: ಚಿಕ್ಕ ಮಕ್ಕಳಿಗೆ ಯಾವುದು ಏನು ಕೊಟ್ಟಿತು

ಕೊಡಗಿನಲ್ಲಿ ಚಿಕ್ಕ ಮಕ್ಕಳನ್ನು ಆಡಿಸುವುದು ಅಂದರೆ ಎರಡು ಬೇರೆ ಬೇರೆ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಎಲ್ಲವೂ ಮನೆಯೊಳಗೇ. ನವೆಂಬರ್ ಬಂತೆಂದರೆ ಬಿಸಿಲು, ಕಾಫಿ ಕೊಯ್ಲು, ಕಣ. ಆಗ ಮಕ್ಕಳನ್ನು ಒಳಗೆ ಕರೆಯುವುದೇ ಕಷ್ಟ. ನಮ್ಮದು ಸೋಮವಾರಪೇಟೆ ಹತ್ತಿರ ಚಿಕ್ಕ ತೋಟ. ಮಗಳಿಗೆ ಐದು ತುಂಬುತ್ತಾ ಬಂತು, ಮಗನಿಗೆ ಮೂರು ದಾಟಿದೆ. ಈ ಎರಡೂ ಕಾಲದಲ್ಲಿ ಅವರ ಮುಂದೆ ಬಗೆಬಗೆಯ ಸಾಮಾನು ಇಟ್ಟು ನೋಡಿದ್ದೇನೆ. ಟ್ಯಾಬ್‌ನಲ್ಲಿ ಅಕ್ಷರ, ಲೆಕ್ಕ ಕಲಿಸುವ ಆಪ್. ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಆಟಿಕೆ. ಚನ್ನಪಟ್ಟಣದ ಆಟಿಕೆ ಮತ್ತು ನಮ್ಮೂರ ಬಡಗಿ ಕೊಯ್ದುಕೊಟ್ಟ ಮರದ ತುಂಡು. ಅತ್ತೆಯ ಅಳಗುಳಿ ಮಣೆ. ಕೊನೆಗೆ, ಕಾಸಿಲ್ಲದೆ ಸಿಗುವ ಮಣ್ಣು, ನೀರು, ಚಿಪ್ಪು.

ಎಷ್ಟು ಹೊತ್ತು ಸುಮ್ನೆ ಕೂತರು ಅನ್ನುವುದು ನನಗೆ ಅಳತೆಯಲ್ಲ. ಆ ಲೆಕ್ಕದಲ್ಲಿ ಟ್ಯಾಬೇ ಗೆಲ್ಲುತ್ತದೆ. ನಾನು ನೋಡಿದ್ದು ಬೇರೆ. ಮುಂದೇನು ಮಾಡಬೇಕು ಅಂತ ಹೇಳುತ್ತಿರುವುದು ಸಾಮಾನೋ, ಮಗುವೋ? ಆಡುವಾಗ ಬಾಯಿಂದ ಮಾತು ಬರುತ್ತಿದೆಯಾ? ಅಲ್ಲಿ ಕಲಿತದ್ದು ಬೇರೆ ಕಡೆಯೂ ಕೆಲಸಕ್ಕೆ ಬರುತ್ತಾ?

ಆಪ್‌ನಲ್ಲಿ ನಾಲ್ಕು ಬಲೂನು ತೇಲಿ ಬರುತ್ತವೆ. ‘ಮ’ ಇರುವುದನ್ನು ಒಡೆದರೆ ಚಪ್ಪಾಳೆ, ಬೇರೆ ಒಡೆದರೆ ಟೊಂಯ್ ಅನ್ನುವ ಸದ್ದು. ಮಗಳು ಬೇಗನೆ ಉಪಾಯ ಕಂಡುಕೊಂಡಳು. ನಾಲ್ಕನ್ನೂ ಸಾಲಾಗಿ ಒತ್ತುವುದು. ಯಾವುದೋ ಒಂದಕ್ಕೆ ಚಪ್ಪಾಳೆ ಬಂದೇ ಬರುತ್ತದಲ್ಲ! ಆಪ್ ಪ್ರಕಾರ ಅವಳು ಅಕ್ಷರಮಾಲೆಯ ಅರ್ಧ ಮುಗಿಸಿದ್ದಳು. ಮಡಿಕೇರಿ ಬಸ್ಸಿನ ಬೋರ್ಡಿನಲ್ಲಿ ಅದೇ ‘ಮ’ ಕಣ್ಣೆದುರಿಗೆ ಬಂದಾಗ ಗುರುತು ಸಿಗಲಿಲ್ಲ. ಮಾತೂ ಅಷ್ಟೇ. ಟ್ಯಾಬ್ ಹಿಡಿದಾಗ ಮನೆಯಲ್ಲಿ ಕೇಳಿಸುವುದು ಟ್ಯಾಬಿನ ದನಿ ಮಾತ್ರ.

ಹಾಗಂತ ಅದರಿಂದ ಏನೂ ಬರಲಿಲ್ಲ ಅನ್ನುವುದು ಅನ್ಯಾಯ. ಕುಟ್ರು ಹಕ್ಕಿ ನಮ್ಮ ತೋಟದಲ್ಲಿ ದಿನವಿಡೀ ಕೂಗುತ್ತದೆ, ಆದರೆ ಎಲೆಯ ಬಣ್ಣದ್ದೇ ಆದ್ದರಿಂದ ಕಾಣುವುದಿಲ್ಲ. ಅದನ್ನು ಮಕ್ಕಳು ಮೊದಲು ಕಂಡದ್ದು ಟ್ಯಾಬ್‌ನಲ್ಲಿ, ನನ್ನ ಪಕ್ಕ ಕೂತು. ಆಮೇಲೆ ಮರದಲ್ಲಿ ಹುಡುಕತೊಡಗಿದರು. ದೊಡ್ಡವರು ಜೊತೆಗಿದ್ದು, ನೋಡಿದ್ದರ ಬಗ್ಗೆ ಮಾತಾಡಿದರೆ ಟ್ಯಾಬ್‌ಗೂ ಒಂದು ಜಾಗ ಇದೆ. ಅದಕ್ಕೆ ಮಿತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು, ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಮಕ್ಕಳು ದಿನಕ್ಕೆ 180 ನಿಮಿಷ ಮೈ ಅಲುಗಿಸಬೇಕು, ಅದರಲ್ಲಿ 60 ನಿಮಿಷವಾದರೂ ಓಡಿ, ಕುಣಿದು ಏದುಸಿರು ಬರುವಂಥದ್ದಾಗಿರಬೇಕು.

ಬ್ಯಾಟರಿ ಆಟಿಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಂಡಿ ಒತ್ತಿದರೆ ಹಾಡುತ್ತದೆ, ಲೈಟು ಮಿನುಗುತ್ತದೆ. ಎಲ್ಲವನ್ನೂ ಅದೇ ಮಾಡಿಬಿಟ್ಟರೆ ಮಗುವಿಗೆ ಉಳಿಯುವುದು ಒತ್ತುವ ಕೆಲಸ ಒಂದೇ. ಮಗ ಅದರ ಚಕ್ರ ಕಿತ್ತ ಮೇಲೆಯೇ ನಿಜವಾಗಿ ಆಡಿದ್ದು, ಆ ಚಕ್ರದ ಜೊತೆ.

ಮರದ್ದರಲ್ಲಿ ಎರಡು ಬಗೆ ಇಟ್ಟುಕೊಂಡಿದ್ದೇನೆ. ಚನ್ನಪಟ್ಟಣದ್ದನ್ನು ಸಾಮಾನ್ಯವಾಗಿ ಆಲೆ ಮರದಲ್ಲಿ ಮಾಡುತ್ತಾರೆ. ಲೇತ್‌ನಲ್ಲಿ ಮರ ಗಿರಗಿರ ತಿರುಗುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಚೂಪು ಅಂಚೇ ಇಲ್ಲ. ಮಗ ಅದನ್ನು ಬಾಯಿಗಿಟ್ಟುಕೊಂಡ ಕಾಲದಲ್ಲಿ ನನಗೆ ಅಷ್ಟು ಭಯ ಇರಲಿಲ್ಲ. ಆದರೆ ಉಂಗುರ ಪೇರಿಸುವ ಗೊಂಬೆಗೆ ಸರಿಯಾದ ಕ್ರಮ ಒಂದೇ. ಅದು ಬಂದ ಮೇಲೆ ಆಟ ಮುಗಿಯಿತು.

ಬಡಗಿ ಕೊಟ್ಟ ಸಿಲ್ವರ್ ಓಕ್ ತುಂಡುಗಳ ಕಥೆ ಬೇರೆ. ಅವಕ್ಕೆ ಬಣ್ಣ ಇಲ್ಲ, ರೂಪ ಇಲ್ಲ. ಒಂದು ದಿನ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ), ಇನ್ನೊಂದು ದಿನ ಹಾರಂಗಿ ಅಣೆಕಟ್ಟು, ಮತ್ತೊಂದು ದಿನ ಬಸ್ಸು. ಸೇತುವೆ ಕಟ್ಟಲು ಹೋಗಿ ಒಂದು ಉದ್ದ ತುಂಡು ಕಡಿಮೆ ಬಿದ್ದಾಗ, ಎರಡು ಗಿಡ್ಡ ತುಂಡು ಸೇರಿಸಿದರೆ ಅಷ್ಟೇ ಉದ್ದ ಅಂತ ಮಗಳು ತಾನೇ ಕಂಡುಕೊಂಡಳು. “ಅಮ್ಮಾ, ಎರಡು ಪುಟ್ಟಂದು ಒಂದು ದೊಡ್ಡಂದು!” ಅಂತ ಅಡುಗೆಮನೆವರೆಗೆ ಓಡಿ ಬಂದು ಹೇಳಿದಳು. ಇದೇನು ಹೊಸ ವಿಚಾರ ಅಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದಾಗ ಅವರ ಕೈಗೆ ಕೊಟ್ಟದ್ದು ಚೆಂಡು, ಮರದ ಗುಂಡು, ಮರದ ಘನ. ಇವತ್ತಿನ ಕಿಂಡರ್‌ಗಾರ್ಟನ್ ಹುಟ್ಟಿದ್ದು ಅಲ್ಲಿಂದಲೇ. ಮಕ್ಕಳಿಗೆ ಇನ್ನೂ ಓದಲು ಬರುವುದಿಲ್ಲ ಅಂತ ಅವರು ಕಾಯಲಿಲ್ಲ, ಕೈಯಿಂದಲೇ ಯೋಚಿಸಲಿ ಅಂತ ಬಿಟ್ಟರು.

ಲೆಕ್ಕದ ವಿಷಯಕ್ಕೆ ಬಂದರೆ ಆಪ್‌ಗೂ ಅಳಗುಳಿ ಮಣೆಗೂ ನೇರ ಸ್ಪರ್ಧೆ ಆಯಿತು. ಆಪ್‌ನಲ್ಲಿ ಐದು ಸೇಬು ತೋರಿಸಿ ‘5’ ಒತ್ತು ಅನ್ನುತ್ತದೆ. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿಯ ಹುಣಸೆ ಬೀಜವನ್ನೆಲ್ಲ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಒಂದು ಬೀಜ, ಒಂದು ಗುಳಿ, ಒಂದು ಎಣಿಕೆ. ಎರಡು ಬೀಜ ಒಟ್ಟಿಗೆ ಬಿದ್ದರೆ ಅತ್ತೆ ಬಿಡುವುದಿಲ್ಲ, “ತೆಗಿ ಪುಟ್ಟಿ, ಕಳ್ಳಾಟ ಬೇಡ” ಅನ್ನುತ್ತಾರೆ. ಈಗ ಮಗಳು ಬೀಜ ಎತ್ತುವ ಮುಂಚೆಯೇ ಕೊನೆಯದು ಎಲ್ಲಿ ಬೀಳುತ್ತದೆ ಅಂತ ಕಣ್ಣಲ್ಲೇ ಎಣಿಸುತ್ತಾಳೆ. ಇದು ಆಪ್‌ನಿಂದ ಬರಲಿಲ್ಲ. ಮಗನಿಗೆ ಮಾತ್ರ ಇದು ಇನ್ನೂ ಹೊತ್ತಿಗೆ ಮುಂಚಿನ ಆಟ. ಅವನು ಬೀಜ ತುಂಬಿಸಿ, ಸುರಿದು ಖುಷಿಪಡುತ್ತಾನೆ, ಅದೂ ಸರಿ.

ಇನ್ನು ಅಂಗಳ. ಇದರ ಬಗ್ಗೆ ನನಗೆ ಹೇಳಿ ಮುಗಿಯುವುದಿಲ್ಲ. ಕೊಯ್ಲಿನ ಕಾಲದಲ್ಲಿ ಸಂಜೆ ಹೊತ್ತಿಗೆ ಹಣ್ಣು ತೂಗುವುದನ್ನು ಮಕ್ಕಳು ದಿನಾ ನೋಡುತ್ತಾರೆ. ಕಣದ ಮೂಲೆಯಲ್ಲಿ ಅವರದ್ದೂ ಒಂದು ತೂಕ ಶುರುವಾಯಿತು. ಕೋಲಿನ ಎರಡು ತುದಿಗೆ ಹಗ್ಗ ಕಟ್ಟಿ, ತೆಂಗಿನ ಚಿಪ್ಪು ತೂಗುಹಾಕಿದರು. ಮಗಳು ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವಳು. ಮಗ ಮತ್ತು ಲೈನ್ ಮನೆಯ ಮಕ್ಕಳು ಉದುರಿದ ಹಣ್ಣು ಹೆಕ್ಕಿ ತರುವವರು.

“ನಿಂದು ಎಷ್ಟು?”

“ತುಂಬಾ!”

“ತುಂಬಾ ಅಂತ ಬರೆಯೋಕಾಗಲ್ಲ. ಎಷ್ಟು ಚಿಪ್ಪು?”

ಆಗ ಎಣಿಸಲೇಬೇಕು. ಎಣಿಸಿದ್ದನ್ನು ಬರೆಯಲೇಬೇಕು. ಒಬ್ಬ ಹುಡುಗನ ಹೆಸರು ‘ಮ’ದಿಂದ ಶುರು. “ಅಮ್ಮಾ, ಇವನದ್ದು ಹೇಗೆ ಬರೆಯೋದು?” ಅಂತ ಇದ್ದಿಲು ಹಿಡಿದುಕೊಂಡು ಬಂದಳು. ನೆಲದ ಮೇಲೆ ಒಂದು ಸಲ ಬರೆದು ತೋರಿಸಿದೆ. ಬಲೂನು ಒಡೆದು ಬಾರದ ಅಕ್ಷರ ಆ ಸಂಜೆ ಬಂತು, ಯಾಕೆಂದರೆ ಅದು ಅವಳಿಗೆ ಬೇಕಾಗಿತ್ತು.

ಇನ್ನೊಂದನ್ನು ಗಮನಿಸಿದೆ. ಬೇರೆ ಹೊತ್ತಿನಲ್ಲಿ ಕಾಯುವ ತಾಳ್ಮೆಯೇ ಇಲ್ಲದ ಮಗಳು, ರೈಟರ್ ಆದಾಗ ಸಾಲು ಬರುವವರೆಗೆ ನಿಂತು ಕಾಯುತ್ತಾಳೆ. ತಮ್ಮನಿಗೆ ಜಾಸ್ತಿ ಬರೆಯುವುದಿಲ್ಲ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸದಲ್ಲಿ ಹೇಳಿದ್ದು ಇದನ್ನೇ. ಕೋಲನ್ನು ಕುದುರೆ ಮಾಡಿಕೊಂಡ ಮಗು ಕಣ್ಣಿಗೆ ಕಾಣುವ ವಸ್ತುವಿನಿಂದ ಅದರ ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಆಟಕ್ಕೆ ತನ್ನದೇ ನಿಯಮ ಇರುತ್ತದೆ, ಆ ನಿಯಮಕ್ಕೆ ಮಗು ತಾನಾಗಿಯೇ ಬಗ್ಗುತ್ತದೆ. ನಾವು ಗದರಿ ಕಲಿಸಲಾಗದ ಸಂಯಮ ಅದು.

ಮಗ ಈ ಆಟದಲ್ಲಿ ಅರ್ಧ ಹೊತ್ತು ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಚಿಪ್ಪಿಗೆ ಮಣ್ಣು ತುಂಬುತ್ತಿರುತ್ತಾನೆ. “ಇವನು ಯಾರ ಜೊತೆಗೂ ಸೇರಲ್ಲ” ಅಂತ ನೆಂಟರು ಚಿಂತೆ ಮಾಡಿದ್ದುಂಟು. ಚಿಂತೆ ಬೇಡ. ಅಮೆರಿಕದ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲೇ ನರ್ಸರಿ ಮಕ್ಕಳನ್ನು ನೋಡಿ ಇದನ್ನು ಗುರುತಿಸಿದ್ದರು. ಚಿಕ್ಕವರು ಮೊದಲು ಒಬ್ಬರ ಪಕ್ಕ ಒಬ್ಬರು ಆಡುತ್ತಾರೆ, ಜೊತೆ ಸೇರಿ ಆಡುವುದು ಬರಬರುತ್ತಾ ಹೆಚ್ಚುತ್ತದೆ. ಟ್ಯಾಬ್ ಹಿಡಿದು ಒಬ್ಬನೇ ಕೂರುವುದಕ್ಕೂ, ಅಕ್ಕನ ಗದ್ದಲದ ಪಕ್ಕದಲ್ಲಿ ಒಬ್ಬನೇ ಆಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಇಲ್ಲಿ ಅವನ ಕಿವಿ ಅಕ್ಕನ ಮಾತಿನ ಮೇಲೇ ಇರುತ್ತದೆ.

ಅಂಗಳದ ತೊಂದರೆಯನ್ನೂ ಹೇಳಬೇಕು. ಯಾರಾದರೂ ಕಣ್ಣಿಟ್ಟಿರಲೇಬೇಕು. ಕೆರೆ ಇರುವ ತೋಟದಲ್ಲಂತೂ ಒಂದು ನಿಮಿಷವೂ ಬಿಡುವಂತಿಲ್ಲ. ಕಾಫಿ ಗಿಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಸಿಂಪಡಿಸಿದ ದಿನ ಮಕ್ಕಳು ಗಿಡದ ಹತ್ತಿರ ಹೋಗಕೂಡದು. ಗುಲಗಂಜಿ ನೋಡಲು ಚೆಂದ, ಆದರೆ ಜಗಿದರೆ ವಿಷ, ಅಳಗುಳಿ ಮಣೆಗೂ ಅದು ಬೇಡ. ಮೂರು ತುಂಬದ ಮಗು ಇದ್ದರೆ ಹುಣಸೆ ಬೀಜವೂ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮಳೆಗಾಲದಲ್ಲಿ ಪಟ್ಟಿ ತಾನಾಗಿಯೇ ಬದಲಾಗುತ್ತದೆ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ, ಟ್ಯಾಬ್ ಚಾರ್ಜ್ ಮುಗಿದರೆ ಮುಗಿಯಿತು. ಬಣ್ಣ ಇಲ್ಲದ ಮರದ ತುಂಡಿಗೆ ಬೂಷ್ಟು ಹಿಡಿಯುತ್ತದೆ. ನಾವು ರಾತ್ರಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಅರಗು ಹಚ್ಚಿದ್ದಕ್ಕೆ ಆ ತೊಂದರೆ ಇಲ್ಲ. ಜಗಲಿಯಲ್ಲಿ ಸೂರಿನ ನೀರಿಗೆ ಚೊಂಬು, ಬೋಗುಣಿ, ಲೋಟ ಕೊಟ್ಟುಬಿಟ್ಟರೆ ಇಡೀ ಬೆಳಗ್ಗೆ ಕಳೆಯುತ್ತದೆ. ಅಗಲದ ಬೋಗುಣಿಯ ನೀರನ್ನು ಉದ್ದ ಲೋಟಕ್ಕೆ ಸುರಿದರೆ ನೀರು ಜಾಸ್ತಿಯಾಯಿತು ಅನ್ನುತ್ತಾಳೆ ಮಗಳು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತೋರಿಸಿದ ಹಾಗೆ ಸುಮಾರು ಏಳು ವರ್ಷದವರೆಗೆ ಮಕ್ಕಳಿಗೆ ಹಾಗೆಯೇ ಕಾಣುತ್ತದೆ. ನಾನು ತಿದ್ದಲು ಹೋಗುವುದಿಲ್ಲ. ಸುರಿದು ಸುರಿದು ಅವಳಿಗೇ ಗೊತ್ತಾಗಲಿ.

ನನ್ನ ಆಯ್ಕೆ ಕೇಳಿದರೆ ಬಿಸಿಲಿಗೆ ಅಂಗಳ, ಮಳೆಗೆ ಜಗಲಿಯ ನೀರು ಮತ್ತು ಮರದ ತುಂಡು, ಸಂಜೆಗೆ ಅಜ್ಜಿ ಜೊತೆ ಮಣೆ. ಟ್ಯಾಬ್ ನಮ್ಮ ಪಕ್ಕದಲ್ಲಿ ಕೂತಾಗ ಮಾತ್ರ. ಬ್ಯಾಟರಿ ಆಟಿಕೆ ಇನ್ನು ಕೊಳ್ಳುವುದಿಲ್ಲ. ಹೀಗೆ ಆಡಿಸುತ್ತಾ ಕೂತರೆ ಮಗು ಹಿಂದುಳಿಯುತ್ತದೆ ಅಂತ ಹೆದರಿಸುವವರಿಗೆ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಅಡಿಪಾಯದ ಹಂತ ಅಂತ ಕರೆದು, ಆಟದ ಮೂಲಕ ಕಲಿಕೆ ಅಂತಲೇ ಬರೆದಿದೆ.

ಮರದ ತುಂಡು ಮಾಡಿಸುವವರು ಬಡಗಿಗೆ ಒಂದೇ ದಪ್ಪ, ಉದ್ದ ಮಾತ್ರ 3, 6, 12 ಅಂಗುಲ ಅಂತ ಹೇಳಿ. ಒಣಗಿದ ಮರವೇ ಆಗಬೇಕು. ಅಂಚನ್ನೆಲ್ಲ ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿಸಿ, ನಿಮ್ಮ ಕೆನ್ನೆಗೆ ಒತ್ತಿ ನೋಡಿ ತನ್ನಿ.