ಗುಜರಿಯಲ್ಲಿ ಸಿಕ್ಕ ಹಳೇ ಪಾತಾಳಗರಡಿ: ತಗೋಬಹುದಾ?

ಪಾತಾಳಗರಡಿ ಅಂದರೆ ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು. ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸೇದುವ ಬಾವಿ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಷೋಕೇಸಿಗೆ ಅಂತಾದರೆ ಬೇಡ, ಪರದೆ, ಸೆರಗು ಏನು ಹತ್ತಿರ ಬಂದರೂ ಹಿಡಿದುಕೊಂಡು ಬಿಡುವುದೇ ಇಲ್ಲ.

ನನಗೆ ಸಿಕ್ಕಿದ್ದು ಗುಜರಿ ರಾಶಿಯಲ್ಲಿ, ಕೆಜಿ ಲೆಕ್ಕದಲ್ಲಿ. ಏನಿದು ಅಂತ ಅಂಗಡಿಯವರಿಗೂ ಗೊತ್ತಿರಲಿಲ್ಲ, ‘ಹಳೇ ಕಾಲದ ದೀಪದ ಗೊಂಚಲು ಇರಬೇಕು ಸಾರ್’ ಅಂದರು. ಫೋಟೋ ನೋಡಿ ಹೆಸರು ಹೇಳುವ ಆ್ಯಪ್ ಒಂದಿದೆಯಲ್ಲ ಅಂತ ತೋರಿಸಿದೆ. ದೋಣಿಯ ಲಂಗರು ಅಂತು. ಇನ್ನೊಂದು ಮಗ್ಗುಲಿಂದ ತೋರಿಸಿದರೆ ಮಾಂಸ ನೇತುಹಾಕುವ ಕೊಕ್ಕೆ ಅಂತು. ಬೈಯೋಕೂ ಆಗಲ್ಲ ಬಿಡಿ, ಫೋಟೋದಲ್ಲಿ ಆಕಾರ ಕಾಣುತ್ತದೆಯೇ ಹೊರತು ಎಲ್ಲಿ ಸವೆದಿದೆ ಅಂತ ಕಾಣುವುದಿಲ್ಲ.

ಕೈಯಲ್ಲಿ ಹಿಡಿದು ನೋಡಿದರೆ ಬೇರೆಯೇ ಕಥೆ. ಮೇಲೆ ಹೆಬ್ಬೆರಳು ದಪ್ಪದ ಬಳೆ. ಅದರ ಒಳಗಿನ ಅಂಚು ಒಂದೇ ಕಡೆ ಸವೆದು ನುಣ್ಣಗಾಗಿದೆ, ಅಂದರೆ ಹಗ್ಗಕ್ಕೆ ನೇತಾಡುತ್ತಾ ಭಾರ ಹೊತ್ತ ಸಾಮಾನು. ಹಿಡಿ ಇಲ್ಲ, ಹಿಡಿ ಕೂರಿಸುವ ತೂತೂ ಇಲ್ಲ. ಬಳೆಯ ಕೆಳಗೆ ಎಲ್ಲಾ ಕಡೆ ತಿರುಗುವ ಒಂದು ಕೀಲು, ಅದರಿಂದ ಇಳಿಬಿದ್ದ ಗಿಡ್ಡ ಸರಪಣಿಗಳು, ಒಂದೊಂದರ ತುದಿಗೂ ಮೂರು ಮೂರು ಕೊಕ್ಕೆ, ಎಲ್ಲದರ ಮೂತಿಯೂ ಮೇಲಕ್ಕೆ. ಮೊನೆ ಮಾತ್ರ ಮೊಂಡು. ಮಾಂಸದ ಕೊಕ್ಕೆ ಆಗಿದ್ದರೆ ಚೂಪಾಗಿರಬೇಕಿತ್ತು ಅಲ್ವಾ? ಲಂಗರು ಆಗಿದ್ದರೆ ಕೊಕ್ಕೆಗಳು ಹೀಗೆ ಜೋಲಾಡುತ್ತಿರಲಿಲ್ಲ. ದೀಪದ ಗೊಂಚಲು ಅನ್ನೋಕೆ ಎಣ್ಣೆ ಹಾಕುವ ಬಟ್ಟಲೇ ಇಲ್ಲ. ಕಣ್ಣಿಗೆ ಕಾಣದ ಕಡೆ, ಯಾವ ದಿಕ್ಕಿನಿಂದ ತಗುಲಿದರೂ ಕಚ್ಚಿಕೊಳ್ಳಲಿ ಅಂತ ಮಾಡಿದ್ದು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ. ಪಕ್ಕದ ತಮಿಳುನಾಡಿನ ಊರುಗಳಲ್ಲೂ ಇದೇ ಸಾಮಾನು ಬಳಸುತ್ತಿದ್ದರು. ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ, ಇದ್ದವರ ಮನೆಗೆ ಹೋಗಿ ಕೇಳಿ ತರಬೇಕು, ತರುವಾಗ ಒತ್ತೆಗೆ ಅಂತ ಒಂದು ಚೊಂಬು ಇಟ್ಟು ಬರಬೇಕು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ತುಕ್ಕಿಗೆ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ. ಬಾವಿಗೆ ಇಳಿಸುವ ಮುಂಚೆ ಸೋಪು ಹಾಕಿ ಚೆನ್ನಾಗಿ ತೊಳೆಯಲೇಬೇಕು, ಕುಡಿಯುವ ನೀರು. ಒಣಗಿದ ಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಗ್ರೈಂಡರ್ ಹಿಡಿಯಬೇಡಿ, ಸುತ್ತಿಗೆ ಏಟಿನ ಗುರುತೆಲ್ಲ ಹೋಗಿಬಿಡುತ್ತದೆ.

‘ಇದ್ಯಾಕೆ, ಆನ್‌ಲೈನಲ್ಲಿ ನಿಯೋಡಿಮಿಯಂ ಅನ್ನೋ ಭಾರೀ ಬಲದ ಅಯಸ್ಕಾಂತ ಸಿಗುತ್ತಲ್ಲ’ ಅಂತ ಕೇಳುವವರಿಗೆ: ಸಿಗುತ್ತದೆ, ಬಾವಿಗೆ ಬಿದ್ದ ಕತ್ತಿ, ಸ್ಪ್ಯಾನರ್, ಕಬ್ಬಿಣದ ಬಕೆಟ್‌ಗೆ ಅದೇ ವಾಸಿ. ಆದರೆ ನಮ್ಮಲ್ಲಿ ಬಾವಿಗೆ ಬೀಳುವುದು ತಾಮ್ರದ ಕೊಡ, ಹಿತ್ತಾಳೆ ಬಿಂದಿಗೆ, ಪ್ಲಾಸ್ಟಿಕ್ ಬಕೆಟ್. ಇವ್ಯಾವುದಕ್ಕೂ ಅಯಸ್ಕಾಂತ ಅಂಟುವುದೇ ಇಲ್ಲ, ಸ್ಟೀಲ್ ಕೊಡದಲ್ಲೂ 304 ದರ್ಜೆಯದ್ದಾದರೆ ಅಷ್ಟಕ್ಕಷ್ಟೇ. ಇಷ್ಟು ತೂಕ ಎತ್ತುತ್ತದೆ ಅಂತ ಅದರ ಡಬ್ಬಿಯ ಮೇಲೆ ಬರೆದಿರುವ 200 ಕೆಜಿ, 300 ಕೆಜಿ ಎಲ್ಲ ದಪ್ಪ ಉಕ್ಕಿನ ಚಪ್ಪಟೆ ಹಲಗೆಗೆ ಪೂರ್ತಿ ಅಂಟಿಸಿ ನೇರ ಎಳೆದಾಗಿನ ಲೆಕ್ಕ, ಬಾವಿ ತಳದ ಕೆಸರಿನಲ್ಲಿ ಅದು ನಡೆಯುವುದಿಲ್ಲ. ಗರಡಿಗೆ ಇದ್ಯಾವ ಯೋಚನೆಯೂ ಇಲ್ಲ. ಕೊಡದ ಕಂಠವೋ, ಬಕೆಟ್ಟಿನ ಹಿಡಿಯೋ, ಕೊಡದ ಜೊತೆಗೇ ಬಿದ್ದ ಹಗ್ಗವೋ, ಏನಾದರೂ ಒಂದು ಸಿಕ್ಕರೆ ಸಾಕು.

ಬಳಸುವುದಕ್ಕೆ ಮಾತ್ರ ತಾಳ್ಮೆ ಬೇಕು. ತಳ ಮುಟ್ಟಿದ ಮೇಲೆ ಅರ್ಧ ಅಡಿ ಎತ್ತಿ, ಗೋಡೆಯ ಸುತ್ತ ನಿಧಾನಕ್ಕೆ ಆಡಿಸಬೇಕು. ತೂಕ ಬದಲಾದದ್ದು ಕೈಗೇ ಗೊತ್ತಾಗುತ್ತದೆ. ಆಗ ಜಗ್ಗಬಾರದು, ಜಗ್ಗಿದರೆ ಜಾರಿ ಇನ್ನೂ ಆಳಕ್ಕೆ ಕೂರುತ್ತದೆ. ನಮ್ಮ ಹಿತ್ತಾಳೆ ಬಿಂದಿಗೆ ಹಾಗೇ ಬಂತು, ಕಂಠ ಸ್ವಲ್ಪ ನೆಗ್ಗಿತ್ತು, ಅಷ್ಟೇ.

5ಕ್ಕೆ 4 ಕೊಡುತ್ತೇನೆ. ಒಂದು ಕಳೆದಿದ್ದು ಯಾಕಂದರೆ ಇದು ಕಲ್ಲಿನ ಸಂದಿಗೂ ಅಷ್ಟೇ ಪ್ರೀತಿಯಿಂದ ಕಚ್ಚಿಕೊಳ್ಳುತ್ತದೆ. ಹಳೆಯದು ಕೊಳ್ಳುವಾಗ ಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ, ಬಾಯಿ ಬಿಟ್ಟಿದ್ದರೆ ಕುಲುಮೆಯಲ್ಲಿ ಸರಿ ಮಾಡಿಸಿಕೊಳ್ಳಿ. ಬಾವಿಯಲ್ಲಿ ಸಬ್‌ಮರ್ಸಿಬಲ್ ಪಂಪ್ ಇದ್ದರೆ ಮೊದಲು ಕರೆಂಟ್ ತೆಗೆದು ಪಂಪನ್ನು ಮೇಲಕ್ಕೆತ್ತಿ, ಆಮೇಲೆ ಗರಡಿ ಇಳಿಸಿ. ಕೇಬಲ್ಲಿಗೆ ಸಿಕ್ಕಿಕೊಂಡರೆ ಕೊಡಕ್ಕಿಂತ ಪಂಪಿನ ಖರ್ಚೇ ಜಾಸ್ತಿ.